ಉದ್ಘಾಟನೆಯ ದೀಪ

ಕಾಲೇಜು ಸಭಾಂಗಣದ ಹಿತ್ತಾಳೆ ದೀಪಮ್ಮನದು ದೊಡ್ಡ ಮನೆತನ; ಆಕೆಯ ಅಜ್ಜಿಯ ಕಾಲದಿಂದಲೂ ಇಲ್ಲಿನ ವಿದ್ಯಾರ್ಥಿ ಸಂಘಗಳೆಲ್ಲ ಆ ಮನೆತನದ ಬೆಳಕಿನಲ್ಲೇ ಉದ್ಘಾಟನೆಗೊಂಡಿದ್ದವು. ಈ ವರ್ಷ ನಾಟಕ ಸಂಘಕ್ಕೂ ಆಕೆಯನ್ನೇ ಹಚ್ಚಿದರು. ಫೋಟೋ ಮುಗಿಯುತ್ತಲೇ ಫ್ಯಾನ್ ತಿರುಗಿತು, ಐದು ಬತ್ತಿಗಳೂ ಆರಿದವು.

“ಒಮ್ಮೆಯಾದರೂ ಕಾರ್ಯಕ್ರಮ ಮುಗಿಯುವವರೆಗೆ ಉರಿಯಬೇಕೆಂದಿದ್ದೆ. ಏಕೆ ಆರಿಸಿದೆ?” ಎಂದಳು ದೀಪಮ್ಮ.

“ಸ್ವಿಚ್ ಒತ್ತಿದ್ದು ಸಂಘದ ಕಾರ್ಯದರ್ಶಿ, ಅಮ್ಮಾ. ಹೋದ ವರ್ಷದ ನಾಟಕ ಸಂಘವೂ ಫೋಟೋ ಆದ ಮೇಲೆ ಮತ್ತೆ ಸೇರಲೇ ಇಲ್ಲ,” ಎಂದಿತು ಫ್ಯಾನ್.

ವೇದಿಕೆಯಲ್ಲಿ ಅತಿಥಿಗಳು, “ಈ ದೀಪದಂತೆ ಸಂಘವೂ ಬೆಳಗಲಿ,” ಎನ್ನುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ.

“ಕಾರ್ಯದರ್ಶಿ ನನ್ನ ಕ್ಷಮೆ ಕೇಳಬೇಕು.”

“ಅವರು ನಿಮ್ಮ ಬಳಿ ಬರುವುದು ಇನ್ನು ಮುಂದಿನ ಉದ್ಘಾಟನೆಗೇ.”

“ಕಾಯುತ್ತೇನೆ. ಎಣ್ಣೆ ಹಾಕುವ ಮೊದಲು ಕ್ಷಮೆ ಕೇಳಲಿ.”