ಚಕ್ರಕ್ಕ ಮತ್ತು ಬ್ರೇಕ್ ಪಟ್ಟಿ

"ಮತ್ತೆ ಅಡ್ಡ ಬಂದೆಯಾ? ಓಟ ಹದಕ್ಕೆ ಬರುವಷ್ಟರಲ್ಲಿ ಮೈಮೇಲೆ ಬೀಳುತ್ತೀಯಲ್ಲ," ಎಂದು ವ್ಯಾಯಾಮದ ಸೈಕಲ್ಲಿನ ಚಕ್ರಕ್ಕ ಬ್ರೇಕ್ ಪಟ್ಟಿಯನ್ನು ಗದರಿದಳು.

"ನಮ್ಮನ್ನು ತುಳಿಯುವ ವನಜಮ್ಮ ತಿರುಪು ಬಿಗಿ ಮಾಡಿದರೆ ನಾನು ಒತ್ತಲೇಬೇಕು ಅಕ್ಕ. ಭಾರ ತುಳಿದರೇ ಅವರ ಮೊಣಕಾಲಿಗೆ ಬಲ. ಇಲ್ಲದಿದ್ದರೆ ನಮ್ಮನ್ನು ಗುಜರಿಗೆ ಹಾಕುತ್ತಾರಂತೆ."

"ಹೆದರಿಸಬೇಡ. ಆಚೆ ಸರಿ."

ಪಟ್ಟಿ ಮನಸ್ಸಿಲ್ಲದೆ ಹಿಂದೆ ಸರಿಯಿತು. ಚಕ್ರಕ್ಕ ಗಿರ್ರನೆ ತಿರುಗಿದಳು. ವನಜಮ್ಮ ತಿರುಪನ್ನು ಎಷ್ಟು ಬಿಗಿದರೂ ಪೆಡಲು ಭಾರವಾಗಲಿಲ್ಲ, ಹಣೆಯಲ್ಲಿ ಹನಿ ಬೆವರೂ ಮೂಡಲಿಲ್ಲ. "ಇದು ಕೆಟ್ಟಿತು," ಎಂದು ಇಳಿದು ಗುಜರಿಯವನಿಗೆ ಫೋನ್ ಮಾಡಿದರು.

"ಬೇಗ ಬಂದು ಒತ್ತು ಮಾರಾಯ," ಎಂದು ಚಕ್ರಕ್ಕ ಗೋಗರೆದಳು.

ಪಟ್ಟಿ ಒತ್ತಿಕೊಂಡು ಕೇಳಿತು: "ಒತ್ತಿದ್ದೇನೆ ಅಕ್ಕ, ಆದರೆ ತುಳಿದು ನೋಡುವವರು ಯಾರು?"