ಹೊನ್ನೆ ಮರದ ದರಗು

ಆ ಬೆಳಿಗ್ಗೆಯೂ ಚೆನ್ನಮಲ್ಲ ಎಂದಿನ ಹಾಗೆ ಗುರುಗಳ ಆಸನ ಸಿದ್ಧಮಾಡಿದ. ಹೊಳೆಯ ದಂಡೆ, ಚಪ್ಪಟೆ ಬಂಡೆ, ಬಂಡೆಯ ಮೇಲೆ ಚಾಪೆ. ಚಳಿಗೆ ಗುರುಗಳ ಮಂಡಿ ನೋಯುತ್ತಿತ್ತು. ಅದಕ್ಕೆಂದು ಅವತ್ತು ಚಾಪೆಯ ಕೆಳಗೆ ಒಂದು ಬುಟ್ಟಿ ಉದುರಿದ ಎಲೆಯ ಒಣ ದರಗು ಹರಡಿದ.

ಯಾವ ಜೀವಿ ಯಾವ ಕುಲಕ್ಕೆ ಸೇರಿದ್ದು ಎಂಬುದು ಆಗ ನಡೆಯುತ್ತಿದ್ದ ಪಾಠ. ಪಾಠದ ನಡುವೆ ಗುರುಗಳು ಚಾಪೆಯನ್ನು ಅಂಗೈಯಿಂದ ಒತ್ತಿ ನೋಡಿದರು.

"ಇವತ್ತು ಮೆತ್ತಗಿದೆಯಲ್ಲ ಮಲ್ಲ."

"ಮಂಡಿಗೆ ಹಿತವಾಗಲಿ ಅಂತ ದರಗು ಹಾಕಿದೆ, ಗುರುಗಳೇ."

"ಎಲ್ಲಿಯದು?"

"ಹೊನ್ನೆ ಮರದ ಬುಡದ್ದು. ಮೊಣಕಾಲುದ್ದ ಬಿದ್ದಿತ್ತು. ಯಾರೂ ಗುಡಿಸಿರಲಿಲ್ಲ."

"ಯಾಕೆ ಗುಡಿಸಿರಲಿಲ್ಲ?"



ಹೋದ ತಿಂಗಳು ಆ ಮರದಿಂದ ಮಂಗವೊಂದು ಸತ್ತು ಬಿದ್ದಿತ್ತು. ಆಶ್ರಮದವರು ವಾಡಿಕೆಯಂತೆ ಬಿಳಿ ಬಟ್ಟೆ ಹೊದಿಸಿ, ಹೂವಿಟ್ಟು ಮಣ್ಣು ಮಾಡಲು ಹೊರಟಿದ್ದರು. ಗುರುಗಳು ತಡೆದು ಆರೋಗ್ಯ ಕೇಂದ್ರಕ್ಕೆ ಹೇಳಿ ಕಳುಹಿಸಿದ್ದರು. ಮಳೆ ಬೀಳುವವರೆಗೆ ಆ ಮರದ ಕೆಳಗೆ ಯಾರೂ ಕಾಲಿಡಬೇಡಿ ಎಂದಿದ್ದರು.

"ಮಂಗವನ್ನು ಅವತ್ತೇ ಒಯ್ದರಲ್ಲ, ಗುರುಗಳೇ. ಆಮೇಲೆ ನಾನು ಅಲ್ಲಿ ನೀರು ಚಿಮುಕಿಸಿ, ವಿಭೂತಿ ಹಾಕಿ ಬಂದಿದ್ದೆ. ಜಾಗ ಶುದ್ಧವಾಯಿತು ಅಂದುಕೊಂಡೆ."

"ಮಂಗನ ಮೈಯಿಂದ ಉದುರಿದ ರಕ್ತ ಹೀರುವ ಉಣುಗಿಗೂ ವಿಭೂತಿ ಹಚ್ಚಿದೆಯಾ?"

ಅವನು ಚಾಪೆಯ ಅಂಚು ಎತ್ತಿ ದರಗನ್ನು ನೋಡಿದ.

"ದರಗು ತರಲು ಹೋಗುವಾಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಆರೋಗ್ಯ ಕೇಂದ್ರದ ಎಣ್ಣೆ ಸವರಿಕೊಂಡಿದ್ದೆಯಾ?"

"ಸವರಿಕೊಂಡಿದ್ದೆ."

"ಹಾಗಾದರೆ ನಿನಗೆ ಗೊತ್ತಿತ್ತು."

ಗುರುಗಳು ಮೆಲ್ಲಗೆ ಎದ್ದರು. ದರಗಿಗೆ ಅಲ್ಲೇ ಬೆಂಕಿ ಹಚ್ಚಿಸಿದರು. ಇಬ್ಬರ ಬಟ್ಟೆಯನ್ನೂ ಚಾಪೆಯನ್ನೂ ಕುದಿಯುವ ನೀರಿಗೆ ಹಾಕಿಸಿದರು. ಬಿಸಿನೀರು, ಸೋಪು ಹಾಕಿ ಇಬ್ಬರೂ ಮೈ ತಿಕ್ಕಿಕೊಂಡರು. ಆಮೇಲೆ ಬಿಸಿಲಿಗೆ ನಿಂತು ಒಬ್ಬರ ಮೈ ಒಬ್ಬರು ನೋಡಿದರು.

ಚೆನ್ನಮಲ್ಲನ ಮೈಮೇಲೆ ಏನೂ ಇರಲಿಲ್ಲ.

ಗುರುಗಳ ಎಡಮಂಡಿಯ ಹಿಂದೆ, ಚರ್ಮದ ಮಡಿಕೆಯಲ್ಲಿ, ಎಳ್ಳಿಗಿಂತ ಸಣ್ಣದೊಂದು ಚುಕ್ಕೆ ಇತ್ತು. ಅವನು ಬೆರಳಿಂದ ಒರೆಸಿದ. ಅದು ಹೋಗಲಿಲ್ಲ.

"ಹಿಸುಕಬೇಡ," ಎಂದರು ಗುರುಗಳು. "ಚಿಮಟ ತಾ. ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆ."

ಎಳೆದ. ಬಿಳಿ ಬಟ್ಟಲಿಗೆ ಹಾಕಿದ.

"ಕೂತುಕೋ," ಎಂದರು ಗುರುಗಳು. "ಪಾಠ ಅರ್ಧಕ್ಕೆ ನಿಂತಿದೆ."

"ಈಗಲೂ ಪಾಠವೇ?"

"ಈಗಲ್ಲದೆ ಇನ್ನು ಯಾವಾಗ? ಕೇಳು, ಏನು ಕೇಳಬೇಕೋ."

"ಮಂಗನನ್ನು ಕೊಂದ ಆ ವೈರಾಣು ಜೀವವೋ ಜಡವೋ, ಗುರುಗಳೇ?"

"ಮೈಯೊಳಗಿದ್ದರೆ ಒಂದು ನೂರಾಗುತ್ತದೆ. ಹೊರಗೆ ಬಿದ್ದರೆ ಧೂಳಿನ ಹಾಗೆ ಬಿದ್ದಿರುತ್ತದೆ. ಯಾವ ಗುಂಪಿಗೆ ಹಾಕುತ್ತೀಯೋ ಹಾಕು."

"ಅದರ ಕುಲ?"

"ಡೆಂಗಿ ಅದರ ದಾಯಾದಿ. ಡೆಂಗಿಗೆ ಸೊಳ್ಳೆ ವಾಹನ, ಇದಕ್ಕೆ ಉಣುಗು. ಉಣುಗನ್ನೇ ಏರಿದ ಹತ್ತಿರದ ನೆಂಟರು ಹಿಮ ಬೀಳುವ ಸೈಬೀರಿಯದಲ್ಲಿದ್ದಾರೆ."

"ಮತ್ತೆ ಮಂಗನ ಕಾಯಿಲೆ ಅನ್ನುತ್ತಾರಲ್ಲ?"

"ಅದು ಮಂಗನಿಗೆ ಹೊರಿಸಿದ ಅಪವಾದ. ಮಂಗವೂ ನಮ್ಮ ಹಾಗೆ ಕಚ್ಚಿಸಿಕೊಂಡದ್ದೇ."

ಚೆನ್ನಮಲ್ಲ ಬಟ್ಟಲಿನ ಕಡೆ ನೋಡಿದ. ಚುಕ್ಕೆ ಮೆಲ್ಲಗೆ ಹರಿದಾಡುತ್ತಿತ್ತು.

"ನಿಮಗೆ ಜ್ವರ ಬಂದರೆ?"

"ಒಂದು ವಾರದೊಳಗೆ ಗೊತ್ತಾಗುತ್ತದೆ. ಇದಕ್ಕೆಂದೇ ಔಷಧಿಯಿಲ್ಲ, ಆರೈಕೆಯಷ್ಟೇ. ನೀನು ಹತ್ತಿರ ಬರಲು ಹೆದರಬೇಡ, ನನ್ನಿಂದ ನಿನಗೆ ಹರಡುವುದಿಲ್ಲ."

"ನಾನು ಹೆದರಿದ್ದು ನನಗಾಗಿ ಅಲ್ಲ, ಗುರುಗಳೇ."

"ಬೆಳಿಗ್ಗೆ ಎಣ್ಣೆ ಸವರಿಕೊಂಡಾಗ ನೀನು ನಿನಗಾಗಿಯೇ ಹೆದರಿದ್ದೆ."



"ಇದರಲ್ಲಿ ವಿಷ ಇದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲವೇ?" ಎಂದ ಚೆನ್ನಮಲ್ಲ.

"ಪೂರ್ತಿ ತಿಳಿಯಲು ಪ್ರಯೋಗಾಲಯ ಬೇಕು. ಸ್ವಲ್ಪ ತಿಳಿಯಲು ಭೂತಗನ್ನಡಿ ಸಾಕು." ಗುರುಗಳು ತಾವು ಓದಲು ಬಳಸುವ ಗಾಜನ್ನು ಅವನ ಕೈಗಿತ್ತರು. "ಮೊಟ್ಟೆಯಿಂದ ಬಂದ ಮರಿ ಉಣುಗಿಗೆ ಆರು ಕಾಲು. ಅದು ಇನ್ನೂ ಯಾರ ರಕ್ತವನ್ನೂ ಕುಡಿದಿರುವುದಿಲ್ಲ, ಅದರಿಂದ ಭಯ ಬಹಳ ಕಡಿಮೆ. ಒಮ್ಮೆ ಹೊಟ್ಟೆತುಂಬ ಕುಡಿದು, ಉದುರಿ, ದರಗಿನಲ್ಲಿ ಪೊರೆ ಬಿಟ್ಟ ಮೇಲೆ ಕಾಲು ಎಂಟಾಗುತ್ತದೆ."

"ಎಂಟಿದ್ದರೆ ಮಂಗನ ರಕ್ತವನ್ನೇ ಕುಡಿದಿರುತ್ತದೆಯೇ?"

"ಯಾರದ್ದೋ ಕುಡಿದಿರುತ್ತದೆ. ಎಣಿಸು."

ಚೆನ್ನಮಲ್ಲ ಬಟ್ಟಲನ್ನು ಬಿಸಿಲಿಗೆ ಹಿಡಿದ. ಗಾಜು ಮಂಜಾಯಿತು. ಪಂಚೆಯ ಅಂಚಿನಿಂದ ಒರೆಸಿ ಮತ್ತೆ ನೋಡಿದ. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಆರು," ಎಂದ.

"ಎಣಿಸಿದೆಯಾ, ಬೇಡಿಕೊಂಡೆಯಾ?"

ಚೆನ್ನಮಲ್ಲ ಬಟ್ಟಲನ್ನು ಗುರುಗಳ ಮುಂದಿಟ್ಟ.

ಗುರುಗಳು ಗಾಜನ್ನು ತೆಗೆದುಕೊಂಡರು. ಬಟ್ಟಲಿನ ಮೇಲೆ ಬಾಗಿದರು. ಒಂದು ಬದಿ ನೋಡಿದರು, ಬಟ್ಟಲನ್ನು ತಿರುಗಿಸಿ ಇನ್ನೊಂದು ಬದಿಯನ್ನೂ ನೋಡಿದರು.

"ಎಂಟು," ಎಂದರು.