ತಂಗಡಿಯವ್ವನ ಬೆಲ್ಲ

“ನಾಳೆ ಹೋಗುತ್ತೇನೆ, ಗುರುತಾಯಿ. ಏನು ಕೊಟ್ಟರೆ ನಿಮ್ಮ ಋಣ ತೀರುತ್ತದೆ?”

ಶಿಷ್ಯೆ ಹೀಗೆ ಕೇಳುವ ಹೊತ್ತಿಗೆ ಅವಳ ಗಂಟು ಕಟ್ಟಿ ಆಗಿತ್ತು. ಕಲಿಯಬೇಕಾದದ್ದು ಮುಗಿದಿತ್ತು. ಶಾಲು ತಂದಿದ್ದಳು, ಗುರುತಾಯಿ ಅದನ್ನು ಅಡುಗೆಯವಳಿಗೆ ಹೊದಿಸಿದ್ದರು. ಹಣ್ಣು ತಂದಿದ್ದಳು, ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ತಿಂದು ಮುಗಿಸಿದ್ದರು. ಋಣ ಮಾತ್ರ ಇದ್ದಲ್ಲೇ ಇತ್ತು.

“ಕೂತುಕೋ,” ಎಂದರು ಗುರುತಾಯಿ. “ಇಂಗು ಮಾರುವವಳೊಬ್ಬಳು ಇದೇ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದಳು.” ಹೀಗೆಂದು ಕತೆ ಹೇಳಿದರು.

ಇಂಗು ಮಾರುವವಳೊಬ್ಬಳು ದಾರಿ ತಪ್ಪಿದ್ದಳು. ಹಡಗು ಹತ್ತಿ ಇಳಿದವಳು, ಮರಳುಗಾಡು ದಾಟಿದವಳು, ಹೋದ ಊರಿನ ಭಾಷೆಯಲ್ಲೇ ಚೌಕಾಸಿ ಮಾಡಬಲ್ಲವಳು. ಅಂಥವಳು ಒಂದು ಕಲ್ಲುಬೋರೆಯ ಮೇಲೆ ಎರಡು ಕಾಲುದಾರಿ ಕವಲೊಡೆಯುವಲ್ಲಿ ದಿಕ್ಕು ತಿಳಿಯದೆ ನಿಂತಿದ್ದಳು. ಬಿಸಿಲು ನೆತ್ತಿಗೇರಿತ್ತು. ಕಣ್ಣು ಉರಿ, ಅಂಗಾಲು ಉರಿ. ಜೊತೆಗಿದ್ದ ನೀರೆಲ್ಲ ಕುಡಿದಿದ್ದರೂ ದಾಹ ತೀರಿರಲಿಲ್ಲ. ಅಲ್ಲೊಬ್ಬ ಹೆಂಗಸು ಗಿಡಗಳ ನಡುವೆ ಬಗ್ಗಿ ಹಳದಿ ಹೂ ಬಿಡಿಸುತ್ತಿದ್ದಳು.

“ಅವ್ವಾ, ಪೇಟೆಗೆ ಯಾವ ದಾರಿ?”

ಹೆಂಗಸು ತಲೆಯೆತ್ತಿದಳು. “ಪೇಟೆ ನಿನ್ನ ಬೆನ್ನ ಹಿಂದೆ ಉಳೀತು. ಇಂಗು ತಿಂದ ಮಂಗನ ಹಾಗೆ ನಿಂತಿದ್ದೀಯಲ್ಲ, ಏನಾಗಿದೆ ನಿನಗೆ?”

“ತಿನ್ನೋದಿಲ್ಲವ್ವ, ಮಾರ್ತೀನಿ,” ಎಂದಳು ಇಂಗಿನವಳು. ಅಷ್ಟು ಹೇಳಿ ಅಲ್ಲೇ ಕುಸಿದಳು.

ಹೆಂಗಸು ಗಿಡದ ಎಲೆಗಳನ್ನು ಹಿಡಿ ತುಂಬ ಕಿತ್ತು ಅವಳ ನೆತ್ತಿಯ ಮೇಲಿಟ್ಟಳು. ಎಲೆ ಜಾರದ ಹಾಗೆ ಸೆರಗು ಬಿಗಿದು ಕಟ್ಟಿದಳು. ಕೈಹಿಡಿದು ತನ್ನ ಗುಡಿಸಲಿಗೆ ನಡೆಸಿಕೊಂಡು ಹೋದಳು.

ಆ ಬೋರೆಯಲ್ಲಿ ಬೆಳೆಯುತ್ತಿದ್ದದ್ದು ತಂಗಡಿ ಗಿಡ ಒಂದೇ. ದನಗಳು ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತವೆ. ಚರ್ಮ ಹದ ಮಾಡುವವರು ತೊಗಟೆಗೆ ಬರುತ್ತಾರೆ, ಕಾಯಿಲೆಯವರು ಹೂವಿಗೆ ಬರುತ್ತಾರೆ. ಬೇಕಾದದ್ದು ಸಿಕ್ಕ ಮೇಲೆ ಇಬ್ಬರೂ ಹೋಗುತ್ತಾರೆ. ಗಿಡ ಅಲ್ಲೇ ಇರುತ್ತದೆ. ಅದರ ಹೂವನ್ನು ನೆರಳಲ್ಲಿ ಒಣಗಿಸಿ ಮದ್ದು ಕೊಡುತ್ತಿದ್ದ ಆ ಹೆಂಗಸನ್ನು ಜನ ತಂಗಡಿಯವ್ವ ಎನ್ನುತ್ತಿದ್ದರು.

ಇಂಗಿನವಳಿಗೆ ದಿನವೂ ಬೆಳಿಗ್ಗೆ ಹೂವಿನ ಕಷಾಯ. ನಿಂತುಕೊಂಡು, ಒಂದೇ ಉಸಿರಿಗೆ ಕುಡಿಯಬೇಕು. ಕಹಿಯೆಂದು ಅವಳು ಬೆಲ್ಲ ಕೇಳಿದಾಗ ತಂಗಡಿಯವ್ವ ಗದರಿದಳು. “ಬೆಲ್ಲ ಹಾಕೋದು ನೆಂಟರಿಗೆ. ನೀನು ಕಾಯಿಲೆಯವಳು.”

ದಾಹ ಇಳಿಯಿತು. ಕಾಲಿಗೆ ಬಲ ಬಂದ ಕೂಡಲೇ ಇಂಗಿನವಳ ಕಣ್ಣು ಬಾಗಿಲ ಕಡೆ ತಿರುಗತೊಡಗಿತು.

“ಈ ಗಿಡದ ಹೆಸರು ಏನಂತ ತಿಳಿದೆ?” ಎಂದಳು ತಂಗಡಿಯವ್ವ. “ತಂಗು, ಅಡಿ. ಕಾಲಿಗೆ ಹೇಳಿದ ಮಾತು ಅದು. ನಿನ್ನ ಕಾಲಿಗೆ ಕಿವಿ ಇಲ್ಲ.”

“ಕಿವಿ ಇದೆಯವ್ವ. ಕನ್ನಡ ಬರೋದಿಲ್ಲ.”

ತಂಗಡಿಯವ್ವ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ಕೆಮ್ಮು ಬಂತು.

ಮದ್ದು ಕೊಡುವ ಮನೆಗೆ ಒಂದು ಕಟ್ಟಳೆ ಇತ್ತು. ವಾಸಿಯಾದವರು ‘ಹೋಗಿ ಬರ್ತೀನಿ’ ಎನ್ನಬಾರದು. ಅಂದರೆ ಕಾಯಿಲೆಯೂ ಅದನ್ನು ಕೇಳಿಸಿಕೊಂಡು ತಿರುಗಿ ಬರುತ್ತದೆ. ಹೊರಡುವವರು ಮಾತಿಲ್ಲದೆ ಹೊರಡಬೇಕು. ಮದ್ದು ಕೊಟ್ಟವಳು ಗೋಡೆಗೆ ಮುಖ ಮಾಡಿ ಕೂತಿರಬೇಕು. ಸಂತೆಯಲ್ಲಿ ಎದುರಾದರೂ ಅಷ್ಟೇ, ವಾಸಿಯಾದವರು ಅವಳನ್ನು ಕಂಡ ತಕ್ಷಣ ಪಕ್ಕದಲ್ಲಿ ರಾಶಿ ಹಾಕಿದ ಈರುಳ್ಳಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಅವರ ತಪ್ಪಲ್ಲ, ಕಟ್ಟಳೆ ಹಾಗಿತ್ತು. ತಂಗಡಿಯವ್ವನ ಕೈಗುಣ ಒಳ್ಳೆಯದು. ಕೈಗುಣ ಒಳ್ಳೆಯದಾದಷ್ಟೂ ಅವಳ ಅಂಗಳ ಬರಿದಾಗುತ್ತಿತ್ತು.

ಇಂಗಿನವಳು ಹೊರಡುವ ದಿನ ತಂಗಡಿಯವ್ವ ಎಂದಿನಂತೆ ಗೋಡೆಗೆ ಮುಖ ಮಾಡಿ ಕೂತಳು. ಇಂಗಿನವಳು ಬುಟ್ಟಿ ಹೊತ್ತು ಹೊಸ್ತಿಲು ದಾಟಿದಳು. ದಾಟುವಾಗ ಬಾಯಿಯ ರೂಢಿ ಬಾಯಿಂದ ಬಂತು.

“ಹೋಗಿ ಬರ್ತೀನವ್ವ.”

ತಂಗಡಿಯವ್ವ ಬೆಚ್ಚಿ ತಿರುಗಿದಳು. “ಅಯ್ಯೋ ಮಂಗ! ಆ ಮಾತು ಇಲ್ಲಿ ಆಡ್ತಾರೇನೆ? ಉಗುಳು. ‘ಹೋದೆ’ ಅನ್ನು.”

“ಆಡಿದ್ದು ಆಡಿದೆ. ತೂಗಿ ಕೊಟ್ಟ ಇಂಗನ್ನ ನಾನು ವಾಪಸು ತಗೊಳ್ಳೋದಿಲ್ಲ,” ಎಂದು ಇಂಗಿನವಳು ನಕ್ಕು ಇಳಿಜಾರು ಹಿಡಿದಳು.

ತಂಗಡಿಯವ್ವ ಇನ್ನೊಮ್ಮೆ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ಸಂತೆಯಲ್ಲಿ ಅವಳು ಒಂದು ಅಚ್ಚು ಬೆಲ್ಲ ಕೊಂಡಳು. ತಂದು ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದಳು. ಅದಕ್ಕೆ ಇರುವೆ ಮುತ್ತಿತು. ಮತ್ತೊಂದು ತಂದಳು. ಅದು ಮಳೆಗಾಲದ ತೇವಕ್ಕೆ ಕರಗಿತು. ಮತ್ತೊಂದು ತಂದಳು. ವಾಸಿಯಾದವರು ಹೊರಡುವಾಗ ಈಗಲೂ ಗೋಡೆಗೆ ಮುಖ ಮಾಡುತ್ತಿದ್ದಳು. ಅವರು ಮರೆಯಾದ ಮೇಲೆ ದಾರಿಗೆ ಮುಖ ಮಾಡಿ ಕೂರುತ್ತಿದ್ದಳು. ಅದು ಅವಳಿಗೆ ಹೊಸ ಅಭ್ಯಾಸ.

ಇತ್ತ ಇಂಗಿನವಳು ಊರೂರು ತಿರುಗಿದಳು. ಹೊರಟಲ್ಲೆಲ್ಲ ‘ಹೋಗಿ ಬರ್ತೀನಿ’ ಎಂದಳು. ಕೇಳಿದವರು ‘ಹೂಂ’ ಎಂದು ಬಾಗಿಲು ಹಾಕಿಕೊಂಡರು. ಕೊಟ್ಟವಳಿಗೂ ಕೊಂಡವರಿಗೂ ನಷ್ಟವಿಲ್ಲದ ವ್ಯಾಪಾರ ಅದು.

ಅವಳ ಕೂದಲು ನೆರೆಯಿತು. ದೂರದ ಒಂದು ಬಂದರಿನಲ್ಲಿ, ಉಗ್ರಾಣದ ಹಿಂದಿನ ಬಂಜರು ನೆಲದಲ್ಲಿ, ಅವಳಿಗೆ ಆ ಹಳದಿ ಹೂ ಕಂಡಿತು. ಅದರ ಹೆಸರೇನೆಂದು ಅಲ್ಲಿಯವರನ್ನು ಕೇಳಿದಳು. ಕಳೆಗೆ ಯಾರು ಹೆಸರಿಡುತ್ತಾರೆ ಎಂದರು. ಇಂಗಿನವಳ ಕಾಲು ಅಲ್ಲಿಂದ ಕದಲಲಿಲ್ಲ. ಅವಳನ್ನು ಎದುರು ನೋಡುವವರು ಆ ಬಂದರಿನಲ್ಲಿ ಇರಲಿಲ್ಲ, ಬೇರೆ ಯಾವ ಬಂದರಿನಲ್ಲೂ ಇರಲಿಲ್ಲ. ಎಷ್ಟೋ ಹೊಸ್ತಿಲಲ್ಲಿ ಆಡಿದ ಆ ಮಾತಿಗೆ ಬೆಚ್ಚಿದವಳು ಒಬ್ಬಳೇ. ಬೆಚ್ಚಿದವಳು ಅಂದರೆ ನಂಬಿದವಳು.

ಹಿಂದಕ್ಕೆ ಹೊರಟವಳನ್ನು ಜೊತೆಯ ವ್ಯಾಪಾರಗಾರ್ತಿ ತಡೆದಳು. “ನಿನಗೇನು ಹುಚ್ಚೇನೆ? ವಾಸಿ ಮಾಡಿದವರ ಮನೆಗೆ ತಿರುಗಿ ಹೋಗ್ತಾರಾ? ಹೋದದ್ದೆಲ್ಲ ಹೆಗಲೇರಿಕೊಂಡು ಬರುತ್ತೆ.”

ಆ ದಾಹ ಇಂಗಿನವಳಿಗೆ ನೆನಪಿತ್ತು. ನೆನೆದರೇ ಗಂಟಲು ಒಣಗುತ್ತಿತ್ತು. ಈ ವಯಸ್ಸಿನಲ್ಲಿ ಅದು ಮತ್ತೆ ಬಂದರೆ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಹೆದರಿಕೊಂಡೇ ಹೊರಟಳು.

ಬೋರೆಯ ಮೇಲೆ ಮತ್ತೆ ದಾರಿ ತಪ್ಪಿತು. ತಂಗಡಿ ಬೆಳೆದು ಕಾಲುದಾರಿಯನ್ನು ಮುಚ್ಚಿಬಿಟ್ಟಿತ್ತು. ಹೂ ಹೆಚ್ಚಿದ್ದ ಕಡೆ ನಡೆದಳು. ಗುಡಿಸಲು ಸಿಕ್ಕಿತು. ಬಾಗಿಲಲ್ಲಿ ಒಬ್ಬ ಮುದುಕಿ ದಾರಿಗೆ ಮುಖ ಮಾಡಿ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು.

“ಯಾರದು? ಏನು ಬಾಧೆ?”

“ಬಾಧೆ ಏನೂ ಇಲ್ಲ.”

“ಬಾಧೆ ಇಲ್ಲದವರು ಇಲ್ಲಿಗೆ ಬರೋದಿಲ್ಲ. ನಾಚಿಕೊಂಡರೆ ಮದ್ದು ಹೇಗೆ ಕೊಡಲಿ? ಕೈ ಕೊಡು.”

ಇಂಗಿನವಳು ಕೈ ಕೊಟ್ಟಳು. ಮುದುಕಿ ನಾಡಿ ಹಿಡಿದಳು. ಹಣೆ ಮುಟ್ಟಿದಳು. ಅಂಗಾಲು ಮುಟ್ಟಿದಳು. ಏನೂ ಸಿಗಲಿಲ್ಲ. ಮುಟ್ಟಿದ ಬೆರಳನ್ನು ಸುಮ್ಮನೆ ಮೂಗಿನ ಬಳಿ ತಂದಳು. ಇಂಗು.

ಬಹಳ ಹೊತ್ತು ಆ ಬೆರಳು ಅಲ್ಲೇ ಇತ್ತು.

“ಬರ್ತೀನಿ ಅಂದಿದ್ದೆ,” ಎಂದಳು ಇಂಗಿನವಳು. “ತಡವಾಯ್ತು.”

ತಂಗಡಿಯವ್ವ ಎದ್ದು ಒಳಗೆ ಹೋದಳು. ಮಡಕೆಯ ಬಟ್ಟೆ ಬಿಚ್ಚಿ ಬೆಲ್ಲ ತೆಗೆದಳು. ಅದೇ ಹೂ, ಅದೇ ನೀರು. ಬೆಲ್ಲ ಹಾಕಿ ಕುದಿಸಿದಳು. ಲೋಟ ತಂದು ಕೊಟ್ಟು, “ನಿಂತುಕೊಂಡು ಒಂದೇ ಉಸಿರಿಗೆ,” ಎಂದಳು. ಅಂದವಳೇ ತಡೆದಳು. “ಬೇಡ ಬೇಡ. ಕೂತ್ಕೋ. ನಿಧಾನಕ್ಕೆ ಕುಡಿ.”

ಇಂಗಿನವಳು ಕೂತು ಕುಡಿದಳು. ಬೆಲ್ಲದ ಜೊತೆ ಎರಡು ಇರುವೆಯೂ ಬಂದಿದ್ದವು. ಅವನ್ನೂ ಕುಡಿದಳು. ಬಿಸಿಲು ಇಳಿಯುವ ತನಕ ಇಬ್ಬರೂ ಮಾತಾಡಿದರು. ದೊಡ್ಡ ಮಾತೇನಲ್ಲ. ಹಡಗಿನಲ್ಲಿ ಕುಡಿಯುವ ನೀರು ಹೇಗಿರುತ್ತದೆ, ಈ ವರ್ಷ ಮಳೆ ಯಾಕೆ ಕಡಿಮೆ, ಇಷ್ಟೇ.

ಹೊರಡುವ ಹೊತ್ತು ಬಂತು. ತಂಗಡಿಯವ್ವನ ಕಾಲು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿತು. ಅರ್ಧಕ್ಕೆ ನಿಂತಿತು. ಅವಳು ಹೊಸ್ತಿಲ ತನಕ ಬಂದಳು.

“ಹೋಗಿ ಬರ್ತೀನವ್ವ,” ಎಂದಳು ಇಂಗಿನವಳು. ಈ ಸಲ ರೂಢಿಗೆ ಆಡಿದ ಮಾತಲ್ಲ. ಯೋಚಿಸಿ, ಹೆದರಿ, ತೂಗಿ ಆಡಿದ್ದು.

ಎಲ್ಲ ಮನೆಗಳ ಹೊಸ್ತಿಲಲ್ಲೂ ಎಲ್ಲರೂ ಆಡುವ ಒಂದು ಮಾತಿದೆ. ತಂಗಡಿಯವ್ವ ಅದನ್ನು ಆ ಬಾಗಿಲಲ್ಲಿ ಒಮ್ಮೆಯೂ ಆಡಿರಲಿಲ್ಲ. ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

“ಹೂಂ,” ಎಂದಳು. “ಹೋಗಿ ಬಾ.”

ಇಂಗಿನವಳ ಹಳೆಯ ಸಾಲ ಹೀಗೆ ತೀರಿತು.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯೆ ಮುಂದಿನದಕ್ಕೆ ಕಾದಳು.

“ಕಾಯಿಲೆ ತಿರುಗಿ ಬಂತೇ?” ಎಂದು ಕೇಳಿದಳು.

ಗುರುತಾಯಿ ಹೊಸ್ತಿಲ ಬಳಿ ಕಟ್ಟಿಟ್ಟಿದ್ದ ಗಂಟಿನ ಕಡೆ ನೋಡಿದರು.

“‘ನಾಳೆ ಹೋಗುತ್ತೇನೆ’ ಎಂದೆಯಲ್ಲ ಮಗಳೇ, ಆ ಮಾತು ಅರ್ಧಕ್ಕೇ ನಿಂತಿತು.”